ಕೋಸಂಬರಿಯ ಮೇಲೊಂದು ಹಿಡಿ ಕುರುಕಲು

ಎಳೆ ಸೌತೆಕಾಯಿಯ ಹೋಳನ್ನು ಕಚ್ಚಿದರೆ ಕರುಂ ಎನ್ನುತ್ತದೆ. ಆಗತಾನೇ ಕರಿದ ಸಂಡಿಗೆಯನ್ನು ಕಚ್ಚಿದರೂ ಕರುಂ ಎನ್ನುತ್ತದೆ. ಕಿವಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ಸೌತೆ ಸದ್ದು ಮಾಡುವುದು ಮೈತುಂಬ ನೀರಿರುವುದರಿಂದ, ಸಂಡಿಗೆ ಸದ್ದು ಮಾಡುವುದು ನೀರಿನ ಪಸೆ ಆರಿರುವುದರಿಂದ. ಕೋಸಂಬರಿಯ ಮೇಲೆ ಸಂಡಿಗೆ ಪುಡಿ ಉದುರಿಸಿಕೊಂಡು ಈ ಎರಡನ್ನೂ ಒಂದೇ ತುತ್ತಿನಲ್ಲಿ ಬಾಯಿಗೆ ಹಾಕಿಕೊಳ್ಳುತ್ತೇವೆ. ಇದರಲ್ಲೊಂದು ಸೋಜಿಗವಿದೆ ಎಂದು ಎಲೆಯ ಮುಂದೆ ಕೂತವರು ಯಾರೂ ಯೋಚಿಸುವುದಿಲ್ಲ. ಯೋಚಿಸುತ್ತ ಕೂತರೆ ಸಂಡಿಗೆ ಮೆತ್ತಗಾಗುತ್ತದೆ, ಆ ಮಾತು ಬೇರೆ.

ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95ರಷ್ಟು ಬರೀ ನೀರು. ಆ ನೀರು ಲೋಟದಲ್ಲಿ ಇರುವಂತೆ ಸುಮ್ಮನೆ ನಿಂತಿರುವುದಿಲ್ಲ. ಒಂದೊಂದು ಜೀವಕೋಶದ ಒಳಗೂ ಗೋಡೆಯನ್ನು ಹೊರಕ್ಕೆ ಒತ್ತಿಕೊಂಡು ಬಿಗಿಯಾಗಿ ಕೂತಿರುತ್ತದೆ. ಸಸ್ಯಕೋಶದ ಈ ಒತ್ತಡ ಕಾರಿನ ಟೈರಿನೊಳಗಿನ ಒತ್ತಡವನ್ನು ಮೀರುವುದೂ ಉಂಟು. ಹಲ್ಲು ಇಳಿದಾಗ ಸಾಲುಸಾಲು ಕೋಶಗಳು ಒಡೆಯುತ್ತವೆ, ಅದೇ ಆ ಸದ್ದು. ಉಪ್ಪು ಬಿದ್ದರೆ ಕಥೆ ಮುಗಿಯಿತು. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಗೋಡೆಗಳು ಸಡಿಲವಾಗುತ್ತವೆ, ಬಟ್ಟಲಿನ ತಳದಲ್ಲಿ ನೀರು ನಿಲ್ಲುತ್ತದೆ. ಬಡಿಸುವ ಹೊತ್ತಿಗೆ ಸರಿಯಾಗಿ ಉಪ್ಪು ಹಾಕು ಎಂದು ಮನೆಯ ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಇಷ್ಟೇ. ಕಾರಣವನ್ನು ಅವರು ಹೇಳಿದ್ದು ನನಗೆ ನೆನಪಿಲ್ಲ, ಬೈದದ್ದು ನೆನಪಿದೆ.

ಸಲಾಡ್ ಎಂಬ ಹೆಸರು ನಮ್ಮ ಅಡುಗೆಮನೆಗೆ ಬಂದಮೇಲೆ ಅದರ ಮೇಲೆ ಉದುರಿಸುವ ಕುರುಕಲೂ ಪೊಟ್ಟಣದಲ್ಲಿ ಬಂತು. ಅವು ಎಲ್ಲವೂ ನನಗೆ ಒಂದೇ ವಾಸನೆ. ಹಳಸಿದ ಎಣ್ಣೆಗೆ ಬೆಳ್ಳುಳ್ಳಿ ಪುಡಿ ಬಳಿದಂತೆ. ಮನೆಯಲ್ಲಿ ಇರುವುದಾದರೂ ಏನು ಕಡಿಮೆ? ಒಗ್ಗರಣೆಯಲ್ಲಿ ಕೆಂಪಗಾದ ಕಡಲೆಬೇಳೆ, ಉದ್ದಿನಬೇಳೆ. ಹುರಿದು ಸಿಪ್ಪೆ ಉಜ್ಜಿದ ಕಡಲೆಕಾಯಿ ಬೀಜ. ಅರಿಶಿನ, ಇಂಗು, ಕರಿಬೇವಿನ ಜೊತೆ ಬಾಣಲೆಯಲ್ಲಿ ಎರಡು ಸುತ್ತು ಬಾಡಿಸಿದ ಪುರಿ. ಸಿಹಿಗುಂಬಳದ ಬೀಜ. ಕರಿದು ಕೈಯಲ್ಲೇ ಪುಡಿ ಮಾಡಿದ ಬಾಳಕದ ಮೆಣಸಿನಕಾಯಿ, ಅದು ಬಿದ್ದರಂತೂ ಸೌತೆಯ ಸಪ್ಪೆಗೆ ಜೀವ ಬರುತ್ತದೆ. ಉತ್ತರ ಕರ್ನಾಟಕದವರ ಮನೆಯಾದರೆ ಖಡಕ್ ರೊಟ್ಟಿ ಇದ್ದೇ ಇರುತ್ತದೆ; ಹಸಿ ತರಕಾರಿಯ ಪಚಡಿಯ ಮೇಲೆ ಒಂದು ಚೂರು ಮುರಿದು ಹಾಕಿಕೊಂಡು ನೋಡಿ. ಲೆಬನಾನಿನವರು ಫತ್ತೂಶ್ ಎಂಬ ಸಲಾಡಿನಲ್ಲಿ ಮಾಡುವುದೂ ಇದನ್ನೇ. ಮಿಕ್ಕುಳಿದ ರೊಟ್ಟಿಯನ್ನು ಕರಿದೋ ಕಾಯಿಸಿಯೋ ಮುರಿದು ಸೊಪ್ಪಿನ ಮೇಲೆ ಹಾಕುತ್ತಾರೆ.

ಇವುಗಳಲ್ಲೆಲ್ಲ ನನ್ನನ್ನು ಬಿಡದೆ ಕಾಡುವುದು ಸಬ್ಬಕ್ಕಿ ಸಂಡಿಗೆ. ಸಬ್ಬಕ್ಕಿ ಎಂದರೆ ಮರಗೆಣಸಿನ ಪಿಷ್ಟ. ಅದನ್ನು ನೆನೆಸಿ, ನೀರಿನಲ್ಲಿ ಕುದಿಸಿ, ಕಾಳುಗಳ ಬಿಳುಪು ಹೋಗಿ ಅಂಟಂಟು ಗಂಜಿಯಾದಾಗ ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ನಿಂಬೆರಸ ಸೇರಿಸಿ, ಚೈತ್ರದ ಬಿಸಿಲಿಗೆ ಹಾಳೆಯ ಮೇಲೆ ಚಮಚದಿಂದ ಬಿಡುತ್ತಾರೆ. ಎರಡು ಮೂರು ದಿನಕ್ಕೆ ಅದು ಬಟನ್ನಿನ ಗಾತ್ರಕ್ಕೆ ಮುದುರಿ, ಬೆಳಕಿಗೆ ಹಿಡಿದರೆ ಆಚೆಗಿನದು ಮಸಕಾಗಿ ಕಾಣುವಷ್ಟು ತಿಳಿಯಾಗುತ್ತದೆ. ನೆಲಕ್ಕೆ ಬಿದ್ದರೆ ಟಣ್ ಎನ್ನುತ್ತದೆ. ಕಚ್ಚಿದರೆ ಹಲ್ಲು ಹೋದೀತು.

ಕಾದ ಎಣ್ಣೆಗೆ ಒಂದನ್ನು ಬಿಟ್ಟು ನೋಡಬೇಕು. ಮೊದಲು ತಳಕ್ಕೆ ಹೋಗುತ್ತದೆ. ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಗುಳ್ಳೆ ಎದ್ದು, ಮೈಯೆಲ್ಲ ಒಮ್ಮೆಗೇ ಅರಳಿ, ಹೊರಳುತ್ತ ಮೇಲೆ ಬರುತ್ತದೆ. ತಿಳಿಯಾಗಿದ್ದದ್ದು ಕಣ್ಣೆದುರೇ ಹಾಲುಬಿಳುಪಾಗುತ್ತದೆ. ಅರಳಿಸಿದ್ದು ಯಾರು? ಎಷ್ಟೇ ಒಣಗಿದರೂ ಸಂಡಿಗೆಯ ಒಳಗೆ ಸ್ವಲ್ಪ ನೀರು ಉಳಿದಿರುತ್ತದೆ. ಆ ಕೊನೆಯ ನೀರು ಆವಿಯಾಗಿ ಹಿಗ್ಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಶಾಖಕ್ಕೆ ಮೆದುವಾದ ಪಿಷ್ಟ ಆ ಒತ್ತಡಕ್ಕೆ ಉಬ್ಬಿ, ನೀರು ಹೊರಟುಹೋದಮೇಲೆ ಉಬ್ಬಿದ ಹಾಗೆಯೇ ಬಿಗಿದುಕೊಳ್ಳುತ್ತದೆ. ಒಳಗೆ ಲೆಕ್ಕವಿಲ್ಲದಷ್ಟು ಗುಳ್ಳೆಗಳು ತುಂಬಿ ಬೆಳಕನ್ನು ಚದುರಿಸುವುದರಿಂದ ಆ ಬಿಳುಪು. ಬಿಸಿಲು ನೀರನ್ನೆಲ್ಲ ಹೀರಿಬಿಟ್ಟಿದ್ದರೆ ಅದು ಅರಳುತ್ತಲೇ ಇರಲಿಲ್ಲ. ಹೆಚ್ಚು ಉಳಿದಿದ್ದರೂ ಒಳಗೆ ಗಟ್ಟಿಯಾಗಿ ಹಲ್ಲಿಗೆ ಅಂಟುತ್ತಿತ್ತು. ಸಾಕಷ್ಟು ಒಣಗಿದೆಯೇ ಎಂದು ನಮ್ಮತ್ತೆ ಒಂದನ್ನು ಮುರಿದು, ಮುರಿಯುವ ಸದ್ದಿನಿಂದಲೇ ಹೇಳುತ್ತಿದ್ದರು. ಕರಿಯುವಾಗಲೂ ಅವರದು ಕಿವಿಯ ಲೆಕ್ಕವೇ. "ಚೊರಚೊರ ಅನ್ನೋದು ಅಡಗಲಿ ಕಣೇ, ಆಮೇಲೆ ತೆಗಿ." ಎಣ್ಣೆಯಲ್ಲಿ ಸದ್ದು ಮಾಡುವುದು ನೀರು. ಸದ್ದು ಅಡಗಿತೆಂದರೆ ನೀರು ಹೋಯಿತು.

ಪಿಷ್ಟ ಹೀಗೆ ನೀರು ಕಳೆದುಕೊಂಡು ಬಿಗಿಯುವ ಸ್ಥಿತಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಗಾಜು. ಉಪಮೆಗೆ ಹೇಳಿದ ಮಾತಲ್ಲ, ವಸ್ತುವಿನ ಸ್ಥಿತಿಯ ಹೆಸರೇ ಅದು. ಕಿಟಕಿಯ ಗಾಜಿನಲ್ಲಿ ಅಣುಗಳು ಅಚ್ಚುಕಟ್ಟಾಗಿ ಸಾಲುಗೂಡದೆ, ಹೇಗಿದ್ದವೋ ಹಾಗೇ ನಿಂತುಬಿಟ್ಟಿರುತ್ತವೆ. ಸಂಡಿಗೆಯಲ್ಲೂ ಅಷ್ಟೇ. ಹುರಿದ ಕಡಲೆಕಾಯಿ ಬೀಜವನ್ನು ಬಾಣಲೆಯಿಂದ ತೆಗೆದ ಕೂಡಲೇ ತಿಂದು ನೋಡಿದವರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ. ಬಿಸಿಯಲ್ಲಿ ಅದು ಮೆತ್ತಗೆ, ಇನ್ನೂ ಬೆಂದಿಲ್ಲವೇನೋ ಎನ್ನುವ ಹಾಗೆ. ಮೊರದಲ್ಲಿ ಹರಡಿ ಆರಲು ಬಿಟ್ಟರೆ ಯಾರೂ ಮುಟ್ಟದೆ ತನ್ನಷ್ಟಕ್ಕೆ ಗರಿಗರಿಯಾಗುತ್ತದೆ. ಹೊಸದಾಗಿ ಅಡುಗೆ ಕಲಿಯುವವರು ಇಲ್ಲಿ ಅವಸರಪಟ್ಟು ಇನ್ನಷ್ಟು ಹುರಿದು ಸೀಯಿಸುತ್ತಾರೆ. ಒಲೆ ಆರಿಸಿದ ಮೇಲೂ ಪಾಕ ನಡೆಯುತ್ತಿರುತ್ತದೆ ಎಂದು ನಂಬಲು ಸ್ವಲ್ಪ ಕಾಲ ಬೇಕು.

ಇಷ್ಟೆಲ್ಲ ಆದಮೇಲೂ ಗರಿಗರಿ ಇರುವುದು ಸಂಡಿಗೆಯಲ್ಲೋ ನಮ್ಮ ಕಿವಿಯಲ್ಲೋ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೋ ಜಂಪೀನಿ 2004ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೈಕಿನ ಮುಂದೆ ಆಲೂಗಡ್ಡೆ ಚಿಪ್ಸನ್ನು ಕಚ್ಚಿಸಿ, ಕಚ್ಚಿದ ಸದ್ದನ್ನು ತಿದ್ದಿ, ಕಚ್ಚಿದವರ ಕಿವಿಗೇ ಹೆಡ್‌ಫೋನಿನಲ್ಲಿ ಕೇಳಿಸಿದರು. ಸದ್ದನ್ನು ಜೋರು ಮಾಡಿದಾಗ, ಅದರ ತಾರಸ್ವರಗಳನ್ನು ಏರಿಸಿದಾಗ, ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎಂದು ತಿಂದವರು ಹೇಳಿದರು. ಚಿಪ್ಸ್ ಬದಲಾಗಿರಲಿಲ್ಲ. ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ನಮ್ಮತ್ತೆಗೂ ಒಂದು ಕೊಡಬಹುದಿತ್ತು.

ನೀರು ಹೋಗುವುದು ಕಷ್ಟ, ಬರುವುದು ಬಲು ಸುಲಭ. ಗಾಳಿಯಲ್ಲಿ ಅದು ಸದಾ ಕಾದಿರುತ್ತದೆ. ವಿಜಯಪುರದ ಒಣಹವೆಯಲ್ಲಿ ಖಡಕ್ ರೊಟ್ಟಿ ಬುಟ್ಟಿಯಲ್ಲೇ ವಾರಗಟ್ಟಲೆ ಖಡಕ್ಕಾಗಿ ಕೂರುತ್ತದೆ. ಆಟಿ ತಿಂಗಳ ಮಂಗಳೂರಿನಲ್ಲಿ ಹಪ್ಪಳವನ್ನು ತಟ್ಟೆಯಲ್ಲಿಟ್ಟು ಫೋನಿನಲ್ಲಿ ಎರಡು ಮಾತಾಡಿ ಬಂದರೆ ಸಾಕು, ಬಗ್ಗುತ್ತದೆ. ಪಿಷ್ಟದ ಎಳೆಗಳ ನಡುವೆ ಒಂದಿಷ್ಟು ನೀರು ನುಸುಳಿದರೆ ಗಾಜು ಹೋಗಿ ರಬ್ಬರಾಗುತ್ತದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಪೂರ್ತಿ ಆರಿದ ಮೇಲೆ ತುಂಬಿ, ಬಿಸಿಯಲ್ಲಿ ಮುಚ್ಚಿದರೆ ತನ್ನದೇ ಆವಿಗೆ ತಾನೇ ಸೋಲುತ್ತದೆ. ಮೆತ್ತಗಾದ ಕಡಲೆಕಾಯಿಯನ್ನೂ ಪುರಿಯನ್ನೂ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ. ಎಷ್ಟು ಆಹಾರಪದಾರ್ಥಗಳಿಗೆ ಹೀಗೆ ಹಿಂದಕ್ಕೆ ಹೋಗುವ ದಾರಿ ಇದೆ ಹೇಳಿ? ಬೆಂದ ಅನ್ನ ಅಕ್ಕಿಯಾಗುವುದಿಲ್ಲ.

ಹಾಗಾಗಿ ಕೋಸಂಬರಿಗೂ ಅದರ ಕುರುಕಲಿಗೂ ನಾನು ಬೇರೆ ಬೇರೆ ಬಟ್ಟಲು ಇಡುತ್ತೇನೆ, ಬೇಕಾದವರು ಬೇಕಾದಾಗ ಉದುರಿಸಿಕೊಳ್ಳಲಿ ಎಂದು. ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪದವರಿದ್ದಾರೆ. ಹುಬ್ಬಳ್ಳಿ ಕಡೆಯ ಗಿರ್ಮಿಟ್ ತಿಂದು ಬೆಳೆದ ನಾದಿನಿಗೆ ಮಂಡಕ್ಕಿ ಅರ್ಧ ನೆನೆದಿರಬೇಕು, ಅರ್ಧ ಗರಿಗರಿ ಉಳಿದಿರಬೇಕು. ಹುಣಿಸೆ, ಬೆಲ್ಲ, ಈರುಳ್ಳಿಯ ಮಸಾಲೆ ಹೀರಿದ ಕಾಳು ಒಂದು, ಇನ್ನೂ ಹೀರದ ಕಾಳು ಒಂದು ಒಟ್ಟಿಗೇ ಹಲ್ಲಿಗೆ ಸಿಗಬೇಕು. ಅವಳು ಎಲ್ಲವನ್ನೂ ಮೊದಲೇ ಕಲಸಿ, ಬೇಕೆಂದೇ ಒಂದೆರಡು ನಿಮಿಷ ಬಿಟ್ಟು ತಿನ್ನುತ್ತಾಳೆ. ಅದಕ್ಕಿಂತ ತಡವಾದರೆ ಮುದ್ದೆ ಎಂದು ಬದಿಗಿಡುತ್ತಾಳೆ, ಬೇಗ ಬಡಿಸಿದರೆ ಇನ್ನೂ ಆಗಿಲ್ಲ ಎನ್ನುತ್ತಾಳೆ.