ಹಜಾರದ ಎತ್ತರ ಯಾರದು?

ಮಗ ಮೈಸೂರಿನಲ್ಲಿ ಕಟ್ಟಿಸುತ್ತಿರುವ ಮನೆಯ ಹಜಾರಕ್ಕೆ ಎರಡು ಅಂತಸ್ತಿನ ಎತ್ತರ. ಪಡುವಣ ಗೋಡೆಯೆಲ್ಲ ಗಾಜು. ಒಳಾಂಗಣ ವಿನ್ಯಾಸದ ಹುಡುಗಿಗೆ ಮೇಲಿನ ಬರಿಗೋಡೆ ಕಂಡರೆ ಸಂಕಟ. ‘ಅಂಕಲ್, ಅಲ್ಲೊಂದು ದೊಡ್ಡ ಶಾಂಡೆಲಿಯರ್ ಹಾಕೋಣ.’ ‘ಧೂಳು ಹೊಡೆಯೋಕೆ ಸಾರವೆ ಕಟ್ಟಿಸಬೇಕಲ್ಲಮ್ಮಾ’ ಎಂದೆ.

ಆ ಬರಿ ಎತ್ತರ ನೋಡುವಾಗ ನನಗೆ ನೆನಪಾದದ್ದು ಅದ್ವೈತಿ ಗೌಡಪಾದರು. ಮಾಂಡೂಕ್ಯ ಕಾರಿಕೆಯಲ್ಲಿ ಅವರು ಘಟಾಕಾಶದ, ಅಂದರೆ ಗಡಿಗೆಯೊಳಗಿನ ಆಕಾಶದ, ದೃಷ್ಟಾಂತ ಕೊಡುತ್ತಾರೆ. ಗಡಿಗೆ ಒಡೆದರೆ ಒಳಗಿನ ಆಕಾಶ ಒಡೆಯುವುದಿಲ್ಲ. ಒಂದರಲ್ಲಿ ಹೊಗೆ ತುಂಬಿದರೆ ಉಳಿದವು ಮಲಿನವಾಗುವುದಿಲ್ಲ. ಹಜಾರವೂ ಅಂಥದೊಂದು ಗಡಿಗೆಯೇ. ಹಾಗಾದರೆ ನಾವು ದುಡ್ಡು ಕೊಟ್ಟು ಪಡೆದದ್ದು ಗೋಡೆ, ಎತ್ತರವಲ್ಲ.

ಅದ್ವೈತಿಗೆ ಅಲಂಕಾರವೇ ಬೇಡವೇ? ವ್ಯವಹಾರಕ್ಕೆ ಬೇಕು: ಸಂಜೆ ಬಿಸಿಲಿಗೆ ದಪ್ಪ ಪರದೆ, ಕೂರಲು ದಿವಾನ, ಕೈಗೆಟುಕುವಲ್ಲಿ ದೀಪ. ಆಳೆತ್ತರದವರೆಗೆ ಸಂಸಾರವಿರಲಿ. ಅದರಾಚೆಗೂ ತುಂಬುವ ಹಟ ‘ನನ್ನದು’ ಎಂಬ ಹಟವೇ. ಸೊಸೆ ಇನ್ನೂ ಒಪ್ಪಿಲ್ಲ; ಶಾಂಡೆಲಿಯರ್ ಬೆಲೆ ವಿಚಾರಿಸುತ್ತಿದ್ದಾಳೆ.