ಬೆಂಗಳೂರಿನ ಬಾಂಗ್, ಸಾಗರದ ಸೂರ್ಯ

ಬೆಂಗಳೂರಿನ ಬಾಂಗನ್ನು ಮೊಬೈಲಿನಲ್ಲಿ ಕೇಳಿ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಉಪವಾಸ ತೊರೆಯುವವರನ್ನು ನೀವೂ ಕಂಡಿರಬಹುದು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಸಾಗರವು ಬೆಂಗಳೂರಿಗಿಂತ ಸುಮಾರು ಎರಡೂವರೆ ಡಿಗ್ರಿ ಪಶ್ಚಿಮಕ್ಕಿದೆ. ಅಲ್ಲಿ ಮುಳುಗಿದ ಸೂರ್ಯ ಇಲ್ಲಿ ಇನ್ನೂ 10 ನಿಮಿಷದಷ್ಟು ಹೊತ್ತು ಇರುತ್ತಾನೆ. ಗಡಿಯಾರವೇನೋ ಎರಡೂ ಕಡೆ ಒಂದೇ!

ಹೊಸನಗರದ ಮಳೆಗಾಲದಲ್ಲಿ ಸೂರ್ಯನನ್ನು ಕಾಣುವುದೆಲ್ಲಿ ಎನ್ನುತ್ತೀರಿ. ನಿಜವೇ. ಪ್ರವಾದಿವರ್ಯರ(ಸ) ಕಾಲದಲ್ಲೂ ಮೋಡ ಕವಿದ ದಿನ ಉಪವಾಸ ತೊರೆದ ಬಳಿಕ ಸೂರ್ಯ ಕಾಣಿಸಿಕೊಂಡುದನ್ನು ಹಝ್ರತ್ ಅಸ್ಮಾ(ರ) ವರದಿ ಮಾಡಿದ್ದಾರೆ. ಅದು ಅರಿಯದೆ ಆದುದು. ಹಾಗೆ ಅರಿಯದೆ ತೊರೆದವನೂ ಆ ಉಪವಾಸವನ್ನು ಮರಳಿ ಹಿಡಿಯಬೇಕೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಆದರೆ ನಮ್ಮವನಿಗೆ ಲೆಕ್ಕ ತಿಳಿಯದೆಂದು ಹೇಗೆ ನಂಬೋಣ? ಸಹರಿಗೆ ಮಾತ್ರ ಆತ ಸಾಗರದ ವೇಳಾಪಟ್ಟಿಯನ್ನೇ ಹುಡುಕುತ್ತಾನೆ. ಇಲ್ಲಿ ಬೆಳಗಾಗುವುದೂ ಅಷ್ಟೇ ತಡವಲ್ಲವೇ!