ಫೈಬರ್ ಕುರ್ಚಿಯೂ ಕಾರ್ಯ-ಕಾರಣದ ಪ್ರಶ್ನೆಯೂ

ಫೈಬರ್‌ಗ್ಲಾಸ್ ಕುರ್ಚಿಯಲ್ಲಿ ಎರಡು ದ್ರವ್ಯಗಳಿವೆ: ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳ. ನಾರು ಜೋಲುತ್ತದೆ, ರಾಳ ಹರಿಯುತ್ತದೆ. ಒಂದೊಂದಾಗಿ ಎರಡೂ ಕೂರಲು ಬಾರವು. ಅಚ್ಚಿನ ಮೇಲೆ ನಾರನ್ನು ಹಾಸಿ, ಹಾರ್ಡನರ್ ಬೆರೆಸಿದ ರಾಳದಿಂದ ತೋಯಿಸಿದರೆ ಅದು ಒಳಗೊಳಗೇ ಬಿಸಿಯೇರಿ ಗಟ್ಟಿಯಾಗುತ್ತದೆ. ಹೀಗೆ ಬಂದ ಪೀಠ ಆ ದ್ರವ್ಯಗಳಲ್ಲಿ ಮೊದಲೇ ಇತ್ತೇ, ಇಲ್ಲದ್ದು ಹುಟ್ಟಿತೇ? ಮಡಕೆಯನ್ನು ಮುಂದಿಟ್ಟುಕೊಂಡು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದು ಇದನ್ನೇ.

ಕಾರ್ಯ ತನ್ನ ಕಾರಣದಲ್ಲಿ ಅವ್ಯಕ್ತವಾಗಿ ಇದ್ದೇ ಇರುತ್ತದೆ ಎಂಬುದು ಸಾಂಖ್ಯರ ಸತ್ಕಾರ್ಯವಾದ. ನಾಶವೆಂದರೆ ಅವರಿಗೆ ಕಾರಣದಲ್ಲಿ ಮತ್ತೆ ಅಡಗುವುದು. ನ್ಯಾಯ-ವೈಶೇಷಿಕರು ಒಪ್ಪುವುದಿಲ್ಲ: ಅವಯವಗಳು ಕೂಡಿದಾಗ ಹುಟ್ಟುವ ಅವಯವಿ ಹೊಸದೇ. ಉಡುಪಿಯ ಮಧ್ವಾಚಾರ್ಯರ ಪರಂಪರೆ ನಡುವಿನ ಹಾದಿ ಹಿಡಿಯಿತು: ಕಾರಣರೂಪದಲ್ಲಿ ಇತ್ತು, ಕಾರ್ಯರೂಪದಲ್ಲಿ ಇರಲಿಲ್ಲ.

ಅವಯವ-ಅವಯವಿಯ ಈ ತೊಡಕು 20ನೇ ಶತಮಾನದ ಪೀಠೋಪಕರಣ ವಿನ್ಯಾಸಕಾರರನ್ನೂ ಕಾಡಿತು, ಅವರು ಅದನ್ನು ಹಾಗೆ ಕರೆಯದಿದ್ದರೂ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಫೈಬರ್‌ಗ್ಲಾಸ್ ಕುರ್ಚಿ 1950ರಲ್ಲಿ ಮಾರುಕಟ್ಟೆಗೆ ಬಂತು. ಮರದ ಕುರ್ಚಿಯಲ್ಲಿ ಬೆನ್ನು, ಕೈ, ಆಸನ ಬೇರೆ ಬೇರೆ. ಇಲ್ಲಿ ಎಲ್ಲವೂ ಒಂದೇ ಬಾಗು, ಎಲ್ಲಿ ಯಾವುದು ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಆದರೂ ಕಾಲು ಮಾತ್ರ ಬೇರೆ ದ್ರವ್ಯದ್ದೇ. ಈರೋ ಸಾರಿನೆನ್‌ ತನ್ನ ಟ್ಯೂಲಿಪ್ ಕುರ್ಚಿಯನ್ನು ಒಂದೇ ದ್ರವ್ಯದಲ್ಲಿ ಮಾಡಬಯಸಿದ; ಭಾರ ತಾಳದೆಂದು ಕಾಂಡವನ್ನು ಅಲ್ಯುಮಿನಿಯಂನಲ್ಲಿ ಎರಕ ಹೊಯ್ದು, ಪೀಠದ ಬಣ್ಣವನ್ನೇ ಬಳಿಯಬೇಕಾಯಿತು. ಅಲ್ಲಿನ ಏಕತೆ ಕಣ್ಣಿಗಷ್ಟೇ. ಅದು ನಿಜವಾದದ್ದು 1967ರ ವರ್ನರ್ ಪ್ಯಾಂಟನ್ ಕುರ್ಚಿಯಲ್ಲಿ. ಅದರ ಮೊದಲ ಕಂತು ಫೈಬರ್‌ಗ್ಲಾಸಿನದೇ.

ರಾಳ ಗಟ್ಟಿಯಾಗುವ ಕ್ಷಣ ಇನ್ನೂ ಸೂಕ್ಷ್ಮವಾದದ್ದು. ಹಸಿ ಮಡಕೆ ಆವಿಗೆಯಲ್ಲಿ ಕೆಂಪಾಗುವಾಗ ಪರಮಾಣುಗಳಾಗಿ ಒಡೆದು ಮತ್ತೆ ಕೂಡುತ್ತದೆ ಎಂದು ವೈಶೇಷಿಕರು ಹೇಳಿದರು, ಇದು ಪೀಲುಪಾಕ. ಮಡಕೆ ಇದ್ದಂತೆಯೇ ಬೇಯುತ್ತದೆ ಎಂಬುದು ನೈಯಾಯಿಕರ ಪಿಠರಪಾಕ. ರಾಳದಲ್ಲಿ ಅಣುಸರಪಳಿಗಳು ಪರಸ್ಪರ ಬೆಸೆದುಕೊಳ್ಳುವುದರಿಂದ ಬದಲಾವಣೆ ಅಣುಮಟ್ಟದ್ದೇ ಎನ್ನುವುದರಲ್ಲಿ ವೈಶೇಷಿಕರು ಸರಿ. ಆದರೆ ಅಚ್ಚಿನ ಮೇಲಿನ ಆಕಾರ ಒಂದು ಕ್ಷಣವೂ ಕಳಚುವುದಿಲ್ಲ. ಒಟ್ಟಾರೆ ನೈಯಾಯಿಕರ ಕಡೆಯೇ ತೂಕ ಹೆಚ್ಚು.

ಸತ್ಕಾರ್ಯವಾದದ ಪರೀಕ್ಷೆಗೆ ಬೆಂಗಳೂರಿನ ಗೋವಿಂದರಾಜನಗರದ ಗುಜರಿ ಅಂಗಡಿ ಸಾಕು. ಶಾಮಿಯಾನದವರು ಮದುವೆ, ತಿಥಿಗಳಿಗೆ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಯೂ ಒಂದೇ ಎರಕದ್ದು, ಆ ಮಟ್ಟಿಗೆ ಪ್ಯಾಂಟನ್ ಕುರ್ಚಿಯ ವಂಶದ್ದು. ದ್ರವ್ಯ ಮಾತ್ರ ಬೇರೆ: ಪಾಲಿಪ್ರೊಪಿಲೀನ್. ಕಾಲು ಮುರಿದರೆ ಪುಡಿಯಾಗಿ, ಕರಗಿ, ಬಕೆಟ್ಟೋ ಮತ್ತೊಂದೋ ಆಗಬಲ್ಲದು. ಕಾರಣಕ್ಕೆ ಮರಳುವುದೆಂದರೆ ಇದೇ. ಫೈಬರ್ ಕುರ್ಚಿ ಹಾಗೆ ಕರಗದು. ಒಮ್ಮೆ ಬೆಸೆದ ರಾಳ ಮತ್ತೆ ಹರಿಯುವುದಿಲ್ಲ. ಎಲ್ಲದರ ಕೊನೆಯ ಕಾರಣವಾದ ಮೂಲಪ್ರಕೃತಿಗಾದರೂ ಮರಳೀತು ಎಂದು ಸಾಂಖ್ಯರು ಉತ್ತರಿಸಬಹುದು, ಆದರೆ ಹತ್ತಿರದ ಕಾರಣದ ದಾರಿ ಮುಚ್ಚಿದೆ. ಸುಟ್ಟರೆ ರಾಳ ಉರಿದು ಹೊಗೆಯಾಗುತ್ತದೆ, ಗಾಜಿನ ನಾರು ಉಳಿಯುತ್ತದೆ: ಎರಡು ಕಾರಣಗಳಲ್ಲಿ ಒಂದು ಕೈಗೆ ಸಿಕ್ಕೀತು, ಇನ್ನೊಂದು ಸಿಗದು.